ವೈನಿಗೆ ನಂಜಿಕೊಳ್ಳಾಕ ಏನೈತ್ರಿ?

ವೈನ್ ಉದ್ಯಮಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಲಿಂಗಸುಗೂರಿನ ಮನೆಗೆ ಬರುತ್ತಾರೆ. ಎಲ್ಲರ ಬಳಿಯೂ ಒಂದೊಂದು ಸರ್ಟಿಫಿಕೇಟು. ಗ್ಲಾಸನ್ನು ಎಲ್ಲಿ ಹಿಡಿಯಬೇಕು, ಎಷ್ಟು ಸುತ್ತು ತಿರುಗಿಸಬೇಕು, ಮೂಗನ್ನು ಎಷ್ಟು ಒಳಗೆ ಇಳಿಸಬೇಕು ಎಂಬುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಸರ್, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಹೇಳಲು ಕೂತರೆ ಐದನೇ ನಿಮಿಷಕ್ಕೆ ಫೋನು ನೋಡತೊಡಗುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಓದುತ್ತ ಓದುತ್ತ ನೀವು ಫೋನು ನೋಡಿದರೂ ನನಗೆ ಕಾಣಿಸುವುದಿಲ್ಲ, ನನ್ನ ಮರ್ಯಾದೆ ಉಳಿಯುತ್ತದೆ.

ನಾನು ದುಡಿದ ವೈನರಿ ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಮಗ್ಗುಲಿಗಿದೆ. ಹೆಸರು ಬೇಡ. ಹೇಳಿದರೂ ನೀವು ಕೇಳಿರುವುದಿಲ್ಲ. ಧಣಿ ಗುರುಗುಂಟಾ ಕಡೆಯವರು. ಜೋಳ, ತೊಗರಿ, ಕುರಿ ಬಿಟ್ಟು ಬೇರೆ ಏನಾದರೂ ಮಾಡಿ ಹೆಸರು ಮಾಡಬೇಕೆಂಬ ಹಂಬಲ ಅವರದು. ಒಮ್ಮೆ ನಾಸಿಕಕ್ಕೆ ಮದುವೆಗೆ ಹೋದವರು ಅಲ್ಲಿನ ದ್ರಾಕ್ಷಿ ತೋಟ, ವೈನರಿ ನೋಡಿಕೊಂಡು ಬಂದರು. ಮದುವೆಯಾದ ಹುಡುಗನ ಸಂಸಾರ ಹೇಗಿದೆಯೋ ತಿಳಿಯದು, ನಮ್ಮ ಧಣಿಯಂತೂ ಅಲ್ಲಿಂದಲೇ ಸಿಕ್ಕಿಹಾಕಿಕೊಂಡರು. ನಾನು ಕೆಮಿಸ್ಟ್ರಿ ಓದಿದವನು, ಹೆಸರು ಅಮರೇಶ. ಲ್ಯಾಬಿನಲ್ಲಿ ಹುಳಿ ಅಳೆಯುವ ಕೆಲಸಕ್ಕೆ ಸೇರಿ ಟೇಸ್ಟಿಂಗ್ ರೂಮಿನ ಉಸ್ತುವಾರಿಯಾಗಿ ಹೊರಬಂದೆ. ನಡುವೆ ಬಡ್ತಿಗಳೂ ಬಂದವು. ಪ್ರತಿ ಬಡ್ತಿಗೂ ಕುರ್ಚಿ ಬದಲಾಯಿತು, ಬಯ್ಗುಳ ಅದೇ ಇತ್ತು.

ನಮ್ಮದು ಮೂರೇ ವೈನು. ಬಿಳಿಯದು ಶೆನಿನ್ ಬ್ಲಾಂಕ್, ಕೆಂಪು ಶಿರಾಜ್, ಇವೆರಡರ ನಡುವೆ ನಸುಗೆಂಪು ರೋಸೆ. ಬಿಳಿ ಮತ್ತು ಕೆಂಪನ್ನು ನಾವು ಯೋಚನೆ ಮಾಡಿ ತಯಾರಿಸಿದ್ದು. ರೋಸೆ ಆದದ್ದು ಕರೆಂಟು ಹೋದದ್ದರಿಂದ. ಆ ದಿನ ಶಿರಾಜ್ ಹಣ್ಣು ತೊಟ್ಟಿಯಲ್ಲಿತ್ತು, ತಂಪು ಮಾಡುವ ಯಂತ್ರ ನಿಂತಿತು, ಜನರೇಟರು ಕೆಮ್ಮಿ ಮಲಗಿತು. ಹಣ್ಣು ಕೆಡುವ ಮೊದಲು ರಸವನ್ನು ಸಿಪ್ಪೆಯಿಂದ ಬೇರೆ ಮಾಡಿಬಿಟ್ಟೆವು. ಸಿಪ್ಪೆಯ ಬಣ್ಣ ಪೂರ್ತಿ ಇಳಿದಿರಲಿಲ್ಲ, ರಸ ಗುಲಾಬಿಯಾಗಿಯೇ ಉಳಿಯಿತು. ಧಣಿ ಅದಕ್ಕೆ ಬೇರೆ ಲೇಬಲ್ ಹಚ್ಚಿಸಿ "ನಮ್ಮ ವಿಶೇಷ" ಎಂದರು. ನಮ್ಮ ಮೂರರಲ್ಲಿ ಒಳ್ಳೆಯ ವೈನು ಯಾವುದೆಂದು ಕೇಳಿದರೆ ಇವತ್ತಿಗೂ ಅದೇ ಎನ್ನುತ್ತೇನೆ.

ನಮ್ಮ ಕಡೆ ವೈನು ಮಾರುವುದರಲ್ಲಿ ಒಂದು ಸಣ್ಣ ತೊಡಕಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಎಲ್ಲಿ ಹೋದರೂ ವೈನ್ ಶಾಪ್ ಎಂಬ ಬೋರ್ಡು ಸಿಗುತ್ತದೆ. ಒಳಗೆ ವೈನು ಒಂದನ್ನು ಬಿಟ್ಟು ಎಲ್ಲವೂ ಸಿಗುತ್ತದೆ. ಹಾಗಾಗಿ ನಮ್ಮ ಗೇಟಿನಲ್ಲಿ ಮೊದಲ ವರ್ಷವೆಲ್ಲ ಬೈಕು ನಿಲ್ಲಿಸಿ "ಕ್ವಾರ್ಟರ್ ಐತೇನ್ರಿ?" ಎಂದು ಕೇಳಿದವರೇ ಹೆಚ್ಚು. ಇಲ್ಲವೆಂದರೆ ನಮ್ಮನ್ನು ಕೆಟ್ಟ ದೃಷ್ಟಿಯಿಂದ ನೋಡಿ ಹೋಗುತ್ತಿದ್ದರು. ಇಷ್ಟು ದೊಡ್ಡ ಕಟ್ಟಡ ಕಟ್ಟಿಕೊಂಡು ಒಂದು ಕ್ವಾರ್ಟರ್ ಇಡದವರನ್ನು ಇನ್ನು ಹೇಗೆ ನೋಡಿಯಾರು!

ಈಗ ನಮ್ಮ ಮೊದಲ ದೊಡ್ಡ ಸಾಧನೆಗೆ ಬರುತ್ತೇನೆ. ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕೊಡಬೇಕು ಎಂದು ಪುಸ್ತಕದಲ್ಲಿತ್ತು. ನಾನು ಪುಸ್ತಕ ನಂಬುವ ಮನುಷ್ಯ. ಏಪ್ರಿಲ್ ತಿಂಗಳು, ಲಿಂಗಸುಗೂರಿನ ಬಿಸಿಲು, ರೂಮಿನ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಅಂಥ ರೂಮಿನಲ್ಲಿ ಶಿರಾಜ್ ಬಾಟಲಿಗಳನ್ನು ಸಾಲಾಗಿ ಇಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಟೇಸ್ಟಿಂಗ್ ರೂಮಿನಲ್ಲಿ ಎ.ಸಿ. ಇತ್ತು. ಬಿಳಿ ವೈನು ಮುಗಿದು ಕೆಂಪಿನ ಸರದಿ ಬಂದಾಗ, ನಿಯಮ ತಪ್ಪಬಾರದೆಂದು ಎ.ಸಿ. ಆರಿಸುತ್ತಿದ್ದೆ. ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ಬೆಚ್ಚಗಿನ ಶಿರಾಜ್ ಕುಡಿದು, "ಭಾಳ ಸ್ಟ್ರಾಂಗ್ ಐತ್ರಿ" ಎಂದು ಹೋಗುತ್ತಿದ್ದರು. ನಾನು ಅದನ್ನು ಹೊಗಳಿಕೆಯ ಕಾಲಂನಲ್ಲಿ ಬರೆದುಕೊಳ್ಳುತ್ತಿದ್ದೆ.

ಹೀಗೆ ಎರಡು ಬೇಸಿಗೆ ಕಳೆದವು. ನಮ್ಮ ವ್ಯಾನಿನ ಡ್ರೈವರ್ ಖಾಜಾಸಾಬ ಪೆಟ್ಟಿಗೆಗಳನ್ನು ಸಿಂಧನೂರಿಗೆ ಒಯ್ಯುವವನು, ಕುಡಿತದ ಹತ್ತಿರಕ್ಕೂ ಹೋದವನಲ್ಲ. ಒಂದು ಮಧ್ಯಾಹ್ನ ಬಾಟಲಿ ಎತ್ತಿಕೊಂಡವನು ತಟ್ಟನೆ ಕೆಳಗಿಟ್ಟ.

"ಸರ್, ಬಾಟ್ಲಿಗೆ ಜ್ವರ ಬಂದೈತಿ ನೋಡ್ರಿ."

"ಅದು ಕೆಂಪು ವೈನು ಖಾಜಾಸಾಬ. ರೂಮ್ ಟೆಂಪರೇಚರ್ ಇರಬೇಕು, ಪುಸ್ತಕದಾಗ ಬರದಾರ" ಎಂದೆ, ಪದವೀಧರನ ಗತ್ತಿನಲ್ಲಿ.

"ಯಾರ ರೂಮಿಂದ್ರಿ?"

ಪುಸ್ತಕ ಬರೆದ ಪುಣ್ಯಾತ್ಮ ಚಳಿದೇಶದ ಯಾವುದೋ ಕಲ್ಲಿನ ಮನೆಯಲ್ಲಿ ಕೂತು ಬರೆದಿದ್ದ, ನಾನು ಅದನ್ನು ಮಸ್ಕಿ ರಸ್ತೆಯ ಬಿಸಿಲಲ್ಲಿ ಅಕ್ಷರಶಃ ಪಾಲಿಸುತ್ತಿದ್ದೆ. ಖಾಜಾಸಾಬ ಹಸಿ ಗೋಣಿಚೀಲ ತಂದು ಬಾಟಲಿಗೆ ಸುತ್ತಿ ಗಾಳಿಗೆ ಇಟ್ಟ. ಸಂಜೆ ಹೊತ್ತಿಗೆ ಶಿರಾಜ್ ಮೊದಲ ಸಲ ಶಿರಾಜಿನಂತೆ ಇತ್ತು. ಕುಡಿಯದ ಮನುಷ್ಯನಿಂದ ಕುಡಿಸುವ ವಿದ್ಯೆ ಕಲಿತೆ. ಅದನ್ನು ಆಗ ಯಾರಿಗೂ ಹೇಳಲಿಲ್ಲ. ತಂಪು ಮಾಡಿ ಕೊಡುವುದು ನನ್ನದೇ ಸಂಶೋಧನೆ ಎಂದು ಧಣಿಗೆ ವರದಿ ಕೊಟ್ಟೆ.

ವೈನು ತಂಪಾಯಿತು, ಆದರೂ ಬಂದವರು ಮತ್ತೆ ಬರಲಿಲ್ಲ. ವೈನಿನ ಜೊತೆ ಕೊಡುವ ಊಟದ ಜೋಡಿ ಸರಿಯಿಲ್ಲ, ಅದಕ್ಕೊಬ್ಬ ತಜ್ಞ ಬೇಕು ಎಂದರು ಧಣಿ. ಪುಣೆಯಿಂದ ಸಲಹೆಗಾರರು ಬಂದರು. ಕತ್ತಿಗೆ ರೇಷ್ಮೆಯ ಸ್ಕಾರ್ಫು, ನಮ್ಮ ಧೂಳಿಗೆ ಹೇಳಿ ಮಾಡಿಸಿದ್ದು. ದ್ರಾಕ್ಷಿ ಬೆಳೆದುಕೊಡುವ ರೈತರ ಅಭಿಪ್ರಾಯ ಮೊದಲು ತೆಗೆದುಕೊಳ್ಳೋಣ ಎಂದರು. ರೈತರು ಸಾಲಾಗಿ ಕೂತರು, ಎದುರಿಗೆ ಗ್ಲಾಸು, ಪಕ್ಕದಲ್ಲಿ ಉಗುಳುವ ಬಕೆಟ್ಟು. ರುಚಿ ನೋಡಿ ಉಗುಳಬೇಕು ಎಂದು ನಾನು ವಿವರಿಸಿದೆ. ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವುದು ಯಾವ ಸೀಮೆಯ ಸಂಪ್ರದಾಯ ಎಂದು ಗೊಣಗುತ್ತ ಎಲ್ಲರೂ ನುಂಗಿದರು. ಒಬ್ಬ ಹಿರಿಯರು ಮಾತ್ರ ಬಕೆಟ್ಟನ್ನು ಸರಿಯಾಗಿ ಬಳಸಿದರು. ಅವರು ಎಲೆಯಡಿಕೆ ಜಗಿಯುತ್ತಲೇ ಬಂದಿದ್ದರು. ಕೆಂಪಗೆ ಉಗಿದು, ಬಾಯಿ ತೊಳೆಯದೆ ಶಿರಾಜ್ ಕುಡಿದು, "ಸ್ವಲ್ಪ ಲವಂಗ ಹತ್ತಿದಂಗ ಆಗ್ತೈತ್ರಿ" ಎಂದರು. ಲವಂಗ ಅವರ ಬೀಡಾದಲ್ಲಿತ್ತು. ಸಲಹೆಗಾರರ ಕಣ್ಣು ಅರಳಿತು, ಬರೆದುಕೊಂಡರು. ನಮ್ಮ ಶಿರಾಜ್ ಬಾಟಲಿಯ ಹಿಂದೆ "ಲವಂಗದ ಸುಳಿವು" ಎಂಬ ಸಾಲು ಇವತ್ತಿಗೂ ಇದೆ. ದೊಡ್ಡ ಊರಿನ ಅತಿಥಿಗಳು ಅದನ್ನು ಓದಿ, ಕುಡಿದು, ಹೌದು ಹೌದು ಎಂದು ತಲೆಯಾಡಿಸುತ್ತಾರೆ.

ಎರಡು ದಿನ ಇದ್ದು ಸಲಹೆಗಾರರು ದಪ್ಪ ಕಾಗದದ ಒಂದು ಕಾರ್ಡು ಮಾಡಿಕೊಟ್ಟರು. ಬಿಳಿಗೆ ಆಡಿನ ಹಾಲಿನ ಚೀಸು, ಕೆಂಪಿಗೆ ಹುರಿದ ಕುರಿಮರಿ ಪಕ್ಕೆಲುಬಿನ ಜೊತೆ ನಾನು ಹೆಸರೇ ಕೇಳಿರದ ಸೊಪ್ಪು, ರೋಸೆಗೆ ಆಲಿವ್ ಕಾಯಿ. ಕೆಳಗೆ ಬಂಗಾರದ ಅಕ್ಷರದಲ್ಲಿ ಅವರ ಹೆಸರು. ಚೀಸು ಹೈದರಾಬಾದಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬಸ್ಸೇರಿ ಬರುತ್ತಿತ್ತು. ಹೊರಡುವಾಗ ಗಟ್ಟಿ, ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಗಂಜಿ. ಫ್ರಿಜ್ಜಿನಲ್ಲಿಟ್ಟು ಮತ್ತೆ ಗಟ್ಟಿ ಮಾಡಿ ಕೊಡುತ್ತಿದ್ದೆವು.

ಸಿಂಧನೂರಿನ ಬಳಿ ಕಾಲುವೆ ನೀರಾವರಿಗೆಂದು ವಲಸೆ ಬಂದವರ ಕ್ಯಾಂಪಿನಿಂದ ರೈಸ್ ಮಿಲ್ಲಿನ ಮಾಲೀಕರೊಬ್ಬರು ಹತ್ತು ಜನ ನೆಂಟರನ್ನು ಕಟ್ಟಿಕೊಂಡು ಬಂದರು. ಚೀಸಿನ ತುಂಡು ಬಾಯಿಗಿಟ್ಟು, ಎರಡು ಸಲ ಅಗಿದು ಕೇಳಿದರು:

"ಇದು ಸಬಕಾರ ಏನ್ರಿ?"

"ಅಲ್ರಿ, ಚೀಸು. ಜೋಡಿ ಅದು, ಪೇರಿಂಗ್."

"ಅದೆಲ್ಲ ಇರ್ಲಿ. ನಂಜಿಕೊಳ್ಳಾಕ ಏನೈತ್ರಿ?"

ಪೇರಿಂಗ್ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಆ ಮನುಷ್ಯ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಉತ್ಸಾಹ ಉಕ್ಕಿತು. ರಸ್ತೆ ಬದಿಯ ಬಂಡಿಯಿಂದ ಬಿಸಿಬಿಸಿ ಮಿರ್ಚಿ ಭಜಿ ತರಿಸಿ ಶಿರಾಜ್ ಜೊತೆ ಇಟ್ಟೆ. ಖಾರದ ಮೇಲೆ ಒಗರು ವೈನು ಬಿದ್ದರೆ ಖಾರ ಇಮ್ಮಡಿಯಾಗುತ್ತದೆ ಎಂಬುದು ಕೆಮಿಸ್ಟ್ರಿ ಓದಿದ ನನಗೆ ತಿಳಿದಿರಬೇಕಿತ್ತು. ಹತ್ತೂ ಜನ ಬಾಯಿ ತೆರೆದುಕೊಂಡು ಕೂತರು. "ಬಾಯಾಗ ಬೆಂಕಿ ಹಚ್ಚೀರಲ್ರೀ!" ಎಂದು ಮಾಲೀಕರು ಎದ್ದು ನಿಂತರು. ಒಬ್ಬರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆನಂದಬಾಷ್ಪ ಎಂದು ಬರೆದುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಆ ಮಧ್ಯಾಹ್ನ ನಾನು ಮೋರೆ ಇಳಿಬಿಟ್ಟುಕೊಂಡು ಕೂಲಿಯವರ ಮೆಸ್ಸಿಗೆ ಊಟಕ್ಕೆ ಹೋದೆ. ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಹುಲಿಗೆಮ್ಮ. ಪಾಮನಕಲ್ಲೂರು ಕಡೆಯ ಒಂದು ಹಳ್ಳಿಯವಳು, ದ್ರಾಕ್ಷಿ ಕೊಯ್ಯುವ ಹೆಣ್ಣುಮಕ್ಕಳಿಗೆ, ನಮಗೆ, ಎಲ್ಲರಿಗೂ ಅಡುಗೆ ಅವಳದೇ. ನಡೆದದ್ದನ್ನು ಕೇಳಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಕೇಳಿದಳು:

"ಸರ್, ಅದು ಹುಳಿ ಐತೇನು, ಒಗರು ಐತೇನು?"

"ಕೆಂಪಂದು ಒಗರು. ಬಿಳೀದು ಹುಳಿ, ಒಂಚೂರು ಸಿಹಿ."

"ಒಗರಂದ್ರ ಎಂಥಾ ಒಗರು? ಹಸಿ ಬಾಳಿಕಾಯಿದೋ, ನೇರಳಿ ಹಣ್ಣಿಂದೋ? ನುಂಗಿದ ಮ್ಯಾಲ ಬಾಯಿ ಒಣಗ್ತೈತೇನು, ನೀರು ಬರ್ತೈತೇನು?"

ಅಷ್ಟು ವರ್ಷ ಹುಳಿ ಅಳೆದಿದ್ದ ನನಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಊಟ ಬಿಟ್ಟು ಎದ್ದು ಟೇಸ್ಟಿಂಗ್ ರೂಮಿಗೆ ಹೋಗಿ, ಒಂದು ಗುಟುಕು ಕುಡಿದು ಮರಳಿ ಬಂದೆ. "ನೇರಳಿ ಹಣ್ಣಿಂದು. ಬಾಯಿ ಒಣಗ್ತೈತಿ" ಎಂದೆ.

"ಹಂಗಾರ ಅದಕ್ಕ ಖಾರ ಕೊಟ್ರ ಜಗಳ ಹಚ್ಚಿದಂಗ. ಎಣ್ಣಿ ಕೊಡ್ರಿ, ಶೇಂಗಾ ಕೊಡ್ರಿ. ಮಾಂಸ ತಿನ್ನೋರಿಗೆ ನೆಣ ಇರೋ ತುಂಡು ಕೊಡ್ರಿ. ಒಗರು ತಾನೇ ಸುಮ್ಮನಾಗ್ತೈತಿ."

ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ನಾನು ಟೇಸ್ಟಿಂಗ್ ರೂಮಿನಲ್ಲಿ ರುಚಿ ನೋಡಿ, ಅಂಗಳ ದಾಟಿ ಮೆಸ್ಸಿಗೆ ಹೋಗಿ, ವೈನಿನ ಗುಣವನ್ನು ಅಡುಗೆಯ ಮಾತಿನಲ್ಲಿ ಹೇಳಬೇಕು. ಅವಳು ಹೆಣ್ಣು ನೋಡಲು ಬಂದ ಬೀಗರಂತೆ ನೂರು ಪ್ರಶ್ನೆ ಕೇಳಿ ಪಲ್ಯ ಮಾಡಬೇಕು. ಪಲ್ಯದ ಬಟ್ಟಲು ಹಿಡಿದು ಮತ್ತೆ ನಾನು ಅಂಗಳ ದಾಟಬೇಕು. ಬಿಸಿಲಲ್ಲಿ ಈ ಓಡಾಟ ಕಂಡು ಖಾಜಾಸಾಬ ನಗುತ್ತಿದ್ದ. ಬಾಯಿ ನನ್ನದು, ನಾಲಿಗೆ ಹುಲಿಗೆಮ್ಮನದು.

ಶೆನಿನ್ ಬ್ಲಾಂಕಿಗೆ ಅವಳು ಮೊದಲು ಪುಂಡಿಪಲ್ಯ ಕಳಿಸಿದಳು. ಪುಂಡಿ ಸೊಪ್ಪಿನ ಹುಳಿಯೆದುರು ವೈನು ನೀರಾಗಿಬಿಟ್ಟಿತು. ಹೋಗಿ ಹೇಳಿದೆ. ಜೋಳದ ನುಚ್ಚು, ತೊಗರಿ ಬೇಳೆ ಹೆಚ್ಚು ಮಾಡಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಹುಳಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿದಳು. ಆಗ ವೈನಿನ ಹುಳಿ ಮೇಲೆ ನಿಂತಿತು, ಹಿಂದಿನಿಂದ ಸಣ್ಣಗೆ ಸಿಹಿ ಬಂತು. ನಾನು ಟೇಸ್ಟಿಂಗ್ ರೂಮಿನಲ್ಲಿ ಒಬ್ಬನೇ ನಿಂತು ಇಡೀ ಬಟ್ಟಲು ಖಾಲಿ ಮಾಡಿದೆ. ನಮ್ಮ ಮನೆಯ ಪುಂಡಿಪಲ್ಯವನ್ನು ಹುಟ್ಟಿದಾಗಿನಿಂದ ತಿಂದಿದ್ದೇನೆ, ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಶಿರಾಜಿಗೆ ಶೇಂಗಾ, ಗುರೆಳ್ಳು ತುಂಬಿದ ಎಣ್ಣೆಗಾಯಿ ಬಂತು, ಖಾರ ಅರ್ಧ, ಎಣ್ಣೆ ಧಾರಾಳ. ಮಿರ್ಚಿ ಭಜಿಯನ್ನು ಒಗ್ಗರಣೆ ಹಾಕಿದ ಮಂಡಕ್ಕಿಯ ಜೊತೆ ತಣ್ಣಗಿನ ರೋಸೆಗೆ ಕೊಟ್ಟಳು. ಸಿಂಧನೂರಿನ ಮಾಲೀಕರು ಮತ್ತೆ ಬಂದು, ಈ ಸಲ ಎರಡು ಗಂಟೆ ಕೂತು ಉಂಡರು. ಚೀಸಿನ ಡಬ್ಬಿ ಬರುವುದು ನಿಂತಿತು.

ಮೊದಲ ದಿನವೇ ಹುಲಿಗೆಮ್ಮ ನನಗೆ ಎರಡು ಮಾತು ಹೇಳಿದ್ದಳು. "ಬಾಟ್ಲಿ ನಾ ಮುಟ್ಟಂಗಿಲ್ಲ, ವಾಸನಿ ಸೈತ ನೋಡಂಗಿಲ್ಲ. ಇನ್ನೊಂದು, ನನ್ನ ಹೆಸರು ಎಲ್ಲೂ ಹಾಕಬ್ಯಾಡ್ರಿ." ಆಗಲಿ ಎಂದಿದ್ದೆ. ಅವಳ ಗಂಡ ಸೆರೆ ಕುಡಿದು ಕುಡಿದು ಸತ್ತವನು. ಅವಳ ಊರಿನ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು, ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ ಸೆರೆಯ ಪೌಚುಗಳನ್ನು ಹಿಡಿದು ಚರಂಡಿಗೆ ಸುರಿಯುವವರು, ಇವಳು ಅವರಲ್ಲಿ ಮುಂದಿನ ಸಾಲಿನವಳು. ಒಮ್ಮೆ ಧಣಿ ಮೆಸ್ಸಿಗೆ ಬಂದು, ವೈನು ಸೆರೆಯಲ್ಲ, ಅದೊಂದು ಸಂಸ್ಕೃತಿ ಎಂದು ಅವಳಿಗೆ ತಿಳಿಹೇಳಿದರು.

"ಹೌದೇನ್ರಿ ಧಣೇರ? ಹಂಗಾರ ಕುಡದು ಬಿದ್ದೋನನ್ನ ಸಂಸ್ಕೃತಿ ಅಂತ ಎಬ್ಬಸ್ಬೇಕೇನ್ರಿ?" ಎಂದಳು ಹುಲಿಗೆಮ್ಮ, ಹಿಟ್ಟು ನಾದುತ್ತ.

ಧಣಿ ನಕ್ಕು ಹೊರಟುಹೋದರು. ಮತ್ತೆ ಇಲ್ಲಿ ಯಾಕೆ ಕೆಲಸ ಮಾಡುತ್ತೀ ಎಂದು ನಾನು ಕೇಳಿದೆ, ದೊಡ್ಡ ತರ್ಕ ಹೂಡಿದವನಂತೆ.

"ರೊಟ್ಟಿ ಮಾಡಾಕತ್ತೀನ್ರಿ ಸರ್. ರೊಟ್ಟಿ ತಿಂದು ಯಾರೂ ಹೇಂತಿಗೆ ಬಡದಿಲ್ಲ. ನಿಮ್ಮ ಕುಡಿಯೋರಿಗೂ ಅದಕ್ಕೇ ಮಾಡಿ ಕೊಡ್ತೀನಿ. ಹೊಟ್ಟಿ ತುಂಬ ಉಂಡೋನು ಎಷ್ಟಂತ ಕುಡೀತಾನ? ನಮ್ಮನಿಯವ ಉಣ್ಣಲಾರದ ಕುಡೀತಿದ್ದ. ತಾಟು ಹಂಗೇ ಇರ್ತಿತ್ತು."

ನಮ್ಮ ಊಟದ ಸುದ್ದಿ ಹಬ್ಬಿತು. ಹೈದರಾಬಾದಿನ ಹೋಟೆಲಿನವರು ಬಂದು ಉಂಡು ಹೋದರು. ಹಳೆಯ ಕಾರ್ಡು ಹರಿದುಹಾಕಿ ಹೊಸದು ಮಾಡಿಸು ಎಂದರು ಧಣಿ, ಬರೆಯುವ ಕೆಲಸ ನನಗೆ ಬಂತು. ಇಲ್ಲಿ ನನ್ನೊಳಗಿನ ನ್ಯಾಯವಂತ ಎದ್ದು ಕೂತ. ಗಂಜಿಯಾದ ಚೀಸಿಗೆ ಪುಣೆಯವರ ಹೆಸರು ಬಂಗಾರದ ಅಕ್ಷರದಲ್ಲಿ ಬಂದಿತ್ತು. ಇಷ್ಟೆಲ್ಲ ಮಾಡಿದ ಹೆಣ್ಣುಮಗಳ ಹೆಸರು ಬರಬಾರದೇ? ಅವಳು ಬೇಡ ಎಂದದ್ದು ನೆನಪಿತ್ತು. ಬಡವಳು, ಸಂಕೋಚಕ್ಕೆ ಅಂದಿದ್ದಾಳೆ, ಅಚ್ಚಾದ ಮೇಲೆ ಖುಷಿಪಡುತ್ತಾಳೆ ಎಂದುಕೊಂಡೆ. "ಈ ವೈನುಗಳ ಜೋಡಿ ಊಟ: ಹುಲಿಗೆಮ್ಮ" ಎಂದು ಬರೆದು, ಕೆಳಗೆ ಅವಳ ಊರನ್ನೂ ಸೇರಿಸಿದೆ. ಧಣಿ ಒಂದು ಹೆಜ್ಜೆ ಮುಂದೆ ಹೋಗಿ, ಎಳ್ಳಮಾವಾಸ್ಯೆಯ ದಿನ ಮೆಸ್ಸಿನಲ್ಲಿ ತೆಗೆದಿದ್ದ ಅವಳ ಫೋಟೊ ಹಾಕಿಸಿದರು. ಕೈಯಲ್ಲಿ ಸಜ್ಜೆ ರೊಟ್ಟಿ, ಮುಖದ ತುಂಬ ನಗು, ಪಕ್ಕದಲ್ಲಿ ಶಿರಾಜ್ ಬಾಟಲಿಯ ಚಿತ್ರ. ಅವಳನ್ನು ಒಂದು ಮಾತು ಕೇಳಬೇಕೆಂದು ನಮ್ಮಿಬ್ಬರಿಗೂ ಅನ್ನಿಸಲಿಲ್ಲ. ಕಾರ್ಡು ಕೈಗೆ ಬಂದ ದಿನ ನನ್ನ ಔದಾರ್ಯಕ್ಕೆ ನಾನೇ ಮರುಳಾದೆ.

ಕಾರ್ಡುಗಳು ಟೇಸ್ಟಿಂಗ್ ರೂಮಿನಲ್ಲಿದ್ದವು, ಹುಲಿಗೆಮ್ಮ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಆದರೆ ಅತಿಥಿಗಳು ಫೋಟೊ ಹೊಡೆದುಕೊಂಡು ಫೋನಿನಿಂದ ಫೋನಿಗೆ ಕಳಿಸುತ್ತಿದ್ದರು. ಅದೇ ಹೊತ್ತಿಗೆ ಅವಳ ಊರಿನಲ್ಲಿ, ಶಾಲೆಗೆ ಹೋಗುವ ದಾರಿಯಲ್ಲಿ ವೈನ್ ಶಾಪ್ ತೆರೆಯಲು ಒಬ್ಬ ಮುಂದೆ ಬಂದಿದ್ದ. ಊರವರ ಅಭಿಪ್ರಾಯ ಕೇಳಲು ಅಧಿಕಾರಿಗಳು ಬರುವವರಿದ್ದರು. ಸಂಘದ ಪರವಾಗಿ ಮಾತಾಡಬೇಕಾದವಳು ಹುಲಿಗೆಮ್ಮ. ರಜೆ ಕೇಳಿದಳು, ಕೊಟ್ಟೆ. "ಚಲೋ ಮಾತಾಡು" ಎಂದು ಬೆನ್ನು ತಟ್ಟಿಯೂ ಕಳಿಸಿದೆ.

ಮರುದಿನ ಹನ್ನೊಂದು ಗಂಟೆಗೆ ಅವಳು ಮೆಸ್ಸಿಗೆ ಹೋಗದೆ ನೇರವಾಗಿ ಟೇಸ್ಟಿಂಗ್ ರೂಮಿಗೆ ಬಂದಳು. ಮೊದಲ ಸಲ. ಮೇಜಿನ ಮೇಲಿದ್ದ ಕಾರ್ಡೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಓದ್ರಿ ಸರ್."

ಓದಿದೆ. ನನ್ನದೇ ಅಕ್ಷರಗಳು, ಆದರೂ ನಾಲಿಗೆ ತೊಡರಿತು.

"ನಿನ್ನೆ ನಾ ಮಾತಾಡಾಕ ಎದ್ದು ನಿಂತೆ. ಅಂಗಡಿ ಇಡಾವ ಫೋನಿನಾಗ ಇದನ್ನ ತಗದು ಸಾಹೇಬ್ರ ಕೈಯಾಗ ಕೊಟ್ಟ. ಈಕಿ ಹೆಸರಿನ ಮ್ಯಾಲೇ ವೈನ್ ಮಾರಾಕತ್ತಾರ, ಈಕಿ ಬಂದು ನಮ್ಮ ಅಂಗಡಿ ಬ್ಯಾಡ ಅಂತಾಳ ಅಂದ. ಎಲ್ಲಾರೂ ನಕ್ರು. ನಮ್ಮ ಸಂಘದವ್ರು ನಗಲಿಲ್ಲ ಸರ್, ನನ್ನ ಮಾರಿ ನೋಡಿದ್ರು. ನಾ ಕುಂತಬಿಟ್ಟೆ."

ನಾನು ಕಾರ್ಡನ್ನು ಮಗುಚಿ ಮೇಜಿನ ಮೇಲಿಟ್ಟೆ.

"ನಾ ಬ್ಯಾಡ ಅಂದಿದ್ದು ನಿಮಗ ಕೇಳಿಸಿದ್ದಿಲ್ಲೇನ್ರಿ?"

"ಕೇಳಿಸಿತ್ತು."

"ಮತ್ತ?"

"ಸಂಕೋಚಕ್ಕ ಅಂದೀದಿ ಅನ್ಕೊಂಡೆ, ಹುಲಿಗೆಮ್ಮ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಸಲ ಕೇಳಾಕ ಸೋಮವಾರ ಬರ್ತಾರಂತ ಸರ್. ನೀವು ಬಂದು ಒಂದೇ ಒಂದು ಮಾತು ಹೇಳ್ರಿ. ಈಕಿ ಬ್ಯಾಡ ಅಂದಿದ್ಲು, ನಾವೇ ಕೇಳಲಾರದ ಹಾಕೀವಿ ಅಂತ. ಅಷ್ಟು ಸಾಕು. ಉಳಿದಿದ್ದು ನಾ ಮಾತಾಡ್ತೀನಿ." ಬರುತ್ತೇನೆ ಎಂದೆ.

ಧಣಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಅಮರೇಶಾ, ನೀ ಅಲ್ಲಿ ಹೋಗಿ ಹಂಗಂದ್ರ ನಮ್ಮ ಕಾರ್ಡೇ ಸುಳ್ಳಂದಂಗ ಆಗ್ತೈತಿ. ಹೋಟೆಲಿನವ್ರು ಏನಂತಾರ? ನಿನಗ ರಿಟೈರ್ ಆಗಾಕ ಇನ್ನ ಎಂಟು ತಿಂಗಳ ಅದಾವ. ಸುಮ್ಮನ ಇರಪಾ" ಎಂದರು. ಸುಮ್ಮನಿರುವುದರಲ್ಲಿ ನನಗೆ ಸಾಕಷ್ಟು ಅನುಭವವಿತ್ತು. ಸೋಮವಾರ ಲ್ಯಾಬಿನಲ್ಲಿ ನನಗೆ ತುರ್ತು ಕೆಲಸ ಬಂತು. ಹಿಂದಿನ ದಿನ ಹುಳಿ ಅಳೆದಿದ್ದ ಟ್ಯಾಂಕಿನ ಹುಳಿಯನ್ನು ಮತ್ತೆ ಅಳೆದೆ. ಅಷ್ಟೇ ಇತ್ತು. ಮಧ್ಯಾಹ್ನ ಇನ್ನೊಮ್ಮೆ ಅಳೆದೆ. ಆಗಲೂ ಅಷ್ಟೇ ಇತ್ತು.

ಆ ಸೋಮವಾರದ ನಂತರ ಹುಲಿಗೆಮ್ಮ ಕೆಲಸಕ್ಕೆ ಬರಲಿಲ್ಲ. ಅವಳ ಊರಿನಲ್ಲಿ ಅಂಗಡಿ ತೆರೆಯಿತೆಂದು ಖಾಜಾಸಾಬ ಹೇಳಿದ. ಸಂಘದವರು ಸಭೆಯಲ್ಲಿ ಕೊನೆಯವರೆಗೂ ರಸ್ತೆಯ ಕಡೆ ನೋಡುತ್ತಿದ್ದರಂತೆ, ವೈನರಿಯವರು ಯಾರೋ ಬರುತ್ತಾರೆಂದು. ಇಷ್ಟು ಹೇಳಿ ಅವನು ನನ್ನ ಮುಖ ನೋಡದೆ ವ್ಯಾನು ಹತ್ತಿದ. ಮೆಸ್ಸಿಗೆ ಹೊಸ ಅಡುಗೆಯವರು ಬಂದರು, ಎಣ್ಣೆಗಾಯಿಗೆ ಕೈತುಂಬ ಖಾರ ಹಾಕಿದರು, ಶಿರಾಜ್ ಕುಡಿದವರ ಕಣ್ಣಲ್ಲಿ ಮತ್ತೆ ನೀರು ಬಂತು. ಕಾರ್ಡು ಮಾತ್ರ ಹಾಗೇ ಇತ್ತು, ಅವಳು ರೊಟ್ಟಿ ಹಿಡಿದು ನಗುತ್ತಿದ್ದಳು. ನನ್ನ ಬೀಳ್ಕೊಡುಗೆಯ ದಿನ ಧಣಿ ಶಾಲು ಹೊದಿಸಿ, ಊಟದ ಜೋಡಿಯಲ್ಲಿ ನಾನು ಕ್ರಾಂತಿ ಮಾಡಿದೆನೆಂದು ಭಾಷಣ ಮಾಡಿದರು. ನಾನು ಕೈ ಮುಗಿದೆ.

ಮರುವಾರ ಮಸ್ಕಿಯಲ್ಲಿ ಬಸ್ಸು ಬದಲಿಸಿ ಹುಲಿಗೆಮ್ಮನ ಊರಿಗೆ ಹೋದೆ. ಈಗ ನನ್ನನ್ನು ಯಾರೂ ಕೆಲಸದಿಂದ ತೆಗೆಯುವಂತಿರಲಿಲ್ಲ, ಆದ್ದರಿಂದ ಧೈರ್ಯ ತುಂಬಿ ತುಳುಕುತ್ತಿತ್ತು. ಶಾಲೆಯ ದಾರಿಯಲ್ಲಿ ಅಂಗಡಿ ಇತ್ತು, ಮಧ್ಯಾಹ್ನದಲ್ಲೇ ನಾಲ್ಕಾರು ಜನ ನಿಂತಿದ್ದರು. ಅವಳು ಮನೆಯ ಮುಂದೆ ಜೋಳ ಹಸನ ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು, ಕಾಲಿಗೆ ನೀರು ಕೊಟ್ಟಳು. ನಾನು ಬಸ್ಸಿನಲ್ಲಿ ಉರುಹಚ್ಚಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದೆ. ತಪ್ಪಾಯಿತು, ಸೋಮವಾರ ಬರಬೇಕಿತ್ತು, ಬರಲಿಲ್ಲ, ಹೆದರಿದೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬಿಸಲಾಗ ಬಂದೀರಿ. ಊಟ ಮಾಡ್ರಿ ಸರ್" ಎಂದಳು.

ನಮ್ಮ ಕಡೆಯ ಊಟದ ರೀತಿ ಹೊರಗಿನವರಿಗೆ ತಿಳಿಯದು. ಮನೆಗೆ ಬಂದವರು ಸಾಕು ಎಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಣ್ಣುವವನು ತಾಟಿಗೆ ಕೈ ಅಡ್ಡ ಹಿಡಿಯಬೇಕು, ನೀಡುವವರು ಬೆರಳ ಸಂದಿಯಲ್ಲಿ ರೊಟ್ಟಿ ತುರುಕಬೇಕು. ಬ್ಯಾಡ್ರಿ, ಬ್ಯಾಡ್ರಿ ಎನ್ನುತ್ತಲೇ ಇನ್ನೆರಡು ರೊಟ್ಟಿ ಹೊಟ್ಟೆ ಸೇರಬೇಕು. ಒಂದೇ ಸಲ ಬೇಡ ಎಂದು ಊಟ ಮುಗಿಸಿ ಎದ್ದವನನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

ಹುಲಿಗೆಮ್ಮ ತಾಟಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ ನೀಡಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಒಂದು ರೊಟ್ಟಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ಎರಡನೆಯದನ್ನು ಹಿಡಿದು ಬಂದಳು. ನಾನು ರೂಢಿಯಂತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡವಾ, ಸಾಕು" ಎಂದೆ.

ಅವಳು ಅಲ್ಲಿಗೇ ನಿಂತಳು. ತಿರುಗಿ ಹೋಗಿ ರೊಟ್ಟಿಯನ್ನು ಬುಟ್ಟಿಗಿಟ್ಟು ಅರಿವೆ ಮುಚ್ಚಿದಳು. ನಾನು ಕೈ ಅಡ್ಡ ಹಿಡಿದುಕೊಂಡೇ ಕೂತಿದ್ದೆ.

"ಬ್ಯಾಡ ಅಂದ್ರಲ್ಲ ಸರ್" ಎಂದಳು. "ನನಗ ಕೇಳಿಸ್ತು."

ಕೈ ತೊಳೆದುಕೊಂಡು ಹೊರಟೆ. ಮಸ್ಕಿ ಬಸ್ಸು ಬರುವವರೆಗೆ ಹಸಿದುಕೊಂಡೇ ಕೂತಿದ್ದೆ.